ಚಿಕ್ಕೋಡಿ ಸೀಮೆಯ ನಿಸರ್ಗ ಸಂಪತ್ತು: ಮಣ್ಣು, ಜನ ಮತ್ತು ಪರಿಸರದ ಅರ್ಥಶಾಸ್ತ್ರ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ, ಮಹಾರಾಷ್ಟ್ರದ ಕೊಲ್ಹಾಪುರ ಮತ್ತು ಸಾಂಗಲಿ ಜಿಲ್ಲೆಗಳ ಗಡಿಯಲ್ಲಿ ಹಬ್ಬಿರುವ ಸೀಮೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳದು. ನಿಸರ್ಗ ಸಂಪನ್ಮೂಲ ನಿರ್ವಹಣೆ ಎಂಬ ವಿದ್ಯೆಯ ಮೂಲಪಾಠಗಳನ್ನು ಕಲಿಯಲು ಕರ್ನಾಟಕದಲ್ಲಿ ಇಷ್ಟು ಸ್ಪಷ್ಟವಾದ ಪ್ರದೇಶಗಳು ಕಡಿಮೆ. ನೆಲ, ನೀರು, ಸಸ್ಯ, ಜಾನುವಾರುಗಳನ್ನು ಇಂದಿನ ಅಗತ್ಯಕ್ಕೆ ಬಳಸುತ್ತಲೇ ಮುಂದಿನ ತಲೆಮಾರಿಗೂ ಅವುಗಳ ಕಸುವು ಉಳಿಯುವಂತೆ ನೋಡಿಕೊಳ್ಳುವುದು ಈ ವಿದ್ಯೆಯ ಗುರಿ. ಅದು ಮೂರು ಪ್ರಶ್ನೆಗಳನ್ನು ಕೇಳುತ್ತದೆ: ಈ ನೆಲ ಎಷ್ಟನ್ನು ತಾಳಬಲ್ಲದು? ಅದನ್ನು ನಂಬಿದ ಜನ ಎಷ್ಟು, ಅವರು ಹೇಗೆ ಬದುಕುತ್ತಾರೆ? ಬಳಕೆಯ ಲಾಭ ಯಾರಿಗೆ, ನಷ್ಟ ಯಾರಿಗೆ?

ಈ ಐದು ತಾಲ್ಲೂಕುಗಳಲ್ಲಿ ಮೂರು ಪ್ರಶ್ನೆಗಳೂ ಕೊನೆಗೆ ನೀರಿನ ಬಳಿ ಬಂದು ನಿಲ್ಲುತ್ತವೆ. ಹೊಲಕ್ಕೆ ನೀರು ತರುವುದಕ್ಕೆ ಸರಕಾರ, ಸಹಕಾರಿ ಸಂಘ, ಒಕ್ಕಲು ಮನೆತನ ಎಲ್ಲರೂ ದುಡಿದಿದ್ದಾರೆ, ದುಡ್ಡು ಸುರಿದಿದ್ದಾರೆ. ಹೊಲದಿಂದ ಹೆಚ್ಚಿನ ನೀರನ್ನು ಬಸಿದು ಹೊರಗೆ ಕಳಿಸುವುದಕ್ಕೆ ಅಷ್ಟು ಗಮನ ಸಿಕ್ಕಿಲ್ಲ. ಆ ಕೊರತೆಯ ಗುರುತು ಕೃಷ್ಣೆಯ ದಂಡೆಯ ಎರೆ ಹೊಲಗಳ ಮೇಲೆ ಬೆಳ್ಳಗೆ ಉಕ್ಕಿದ ಉಪ್ಪಿನ ರೂಪದಲ್ಲಿ ಕಾಣುತ್ತದೆ.

ನೆಲೆ ಮತ್ತು ಆಡಳಿತ

1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ ಬೆಳಗಾವಿ ಜಿಲ್ಲೆಯ ಮತ್ತು ನೆರೆಯ ಸಂಸ್ಥಾನಗಳ ಆಳ್ವಿಕೆಯ ಮಿಶ್ರಣವಾಗಿತ್ತು. ಚಿಕ್ಕೋಡಿಯಿಂದ ನಿಪ್ಪಾಣಿಯನ್ನೂ ಅಥಣಿಯಿಂದ ಕಾಗವಾಡವನ್ನೂ ಬೇರ್ಪಡಿಸಿ ಹೊಸ ತಾಲ್ಲೂಕುಗಳನ್ನಾಗಿ ಮಾಡಿದ್ದು ಇತ್ತೀಚೆಗೆ, 2017–18ರ ಮರುವಿಂಗಡಣೆಯಲ್ಲಿ. ಕನ್ನಡ ಮತ್ತು ಮರಾಠಿ ಎರಡೂ ಇಲ್ಲಿನ ಮನೆಮಾತು. ಪೇಟೆ, ಕಾರ್ಖಾನೆ, ಬೀಗತನಗಳು ರಾಜ್ಯದ ಗೆರೆಯನ್ನು ದಿನವೂ ದಾಟುತ್ತವೆ. ನದಿಯೂ ದಾಟುತ್ತದೆ.

ಕೃಷಿ ಹವಾಮಾನದ ಲೆಕ್ಕದಲ್ಲಿ ಸೀಮೆ ಎರಡಾಗಿ ಒಡೆಯುತ್ತದೆ. ಚಿಕ್ಕೋಡಿ ಮತ್ತು ನಿಪ್ಪಾಣಿ ಭಾಗ ಉತ್ತರ ಅರೆಮಲೆನಾಡು ವಲಯದಲ್ಲಿದೆ. ಅಥಣಿ, ಕಾಗವಾಡ, ರಾಯಬಾಗ ಉತ್ತರ ಒಣ ವಲಯದಲ್ಲಿವೆ. ಸಹ್ಯಾದ್ರಿಯ ಮಗ್ಗುಲಿನಿಂದ ಪೂರ್ವಕ್ಕೆ ಸರಿದಂತೆ ಮಳೆ ಇಳಿಯುತ್ತ ಹೋಗುತ್ತದೆ. ನಿಪ್ಪಾಣಿಯ ಪಡುವಲಿನ ಹಳ್ಳಿಗಳಲ್ಲಿ ಮುಂಗಾರಿಯ ಸೋಯಾ, ಶೇಂಗಾ, ತಂಬಾಕು ಮಳೆಯನ್ನೇ ನಂಬಿ ಬರುತ್ತವೆ. ಅಥಣಿಯ ಮೂಡಣ ಹಳ್ಳಿಗಳಲ್ಲಿ ಮಳೆ ಕೈಕೊಟ್ಟ ವರ್ಷ ಕುಡಿಯುವ ನೀರಿಗೂ ಟ್ಯಾಂಕರ್ ಕಾಯಬೇಕು.

ಮಣ್ಣು

ಮಣ್ಣು ಹುಟ್ಟುವ ಬಗೆಯನ್ನು ಹ್ಯಾನ್ಸ್ ಜೆನ್ನಿ 1941ರಲ್ಲಿ ಐದು ಕಾರಣಗಳಲ್ಲಿ ಅಡಕಗೊಳಿಸಿದರು: ಮೂಲಶಿಲೆ, ಹವೆ, ಜೀವಿಗಳು, ನೆಲದ ಏರಿಳಿತ ಮತ್ತು ಕಾಲ. ಐದನ್ನೂ ಇಲ್ಲಿ ಕಣ್ಣಾರೆ ಕಾಣಬಹುದು. ಮೂಲಶಿಲೆ ದಖ್ಖನಿನ ಕಪ್ಪು ಬಸಾಲ್ಟ್. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಗೊಂಡ ಲಾವಾ ಅದು. ಶಿಲೆ ಒಂದೇ ಆದರೂ ದಿಬ್ಬದ ಮೇಲೆ ಒಂದು ಮಣ್ಣು, ತಗ್ಗಿನಲ್ಲಿ ಇನ್ನೊಂದು.

ಒಕ್ಕಲಿಗರು ಈ ಭೇದವನ್ನು ಮೂರು ಮಾತುಗಳಲ್ಲಿ ಹಿಡಿದಿಟ್ಟಿದ್ದಾರೆ. ದಿಬ್ಬದ ಮೇಲಿನದು ಮಡ್ಡಿ: ಗೇಣುದ್ದ ಮಣ್ಣು, ಕೆಳಗೆ ಗರಸು. ನೀರು ನಿಲ್ಲುವುದಿಲ್ಲ, ಕುರಿ ದನಗಳ ಮೇವಿಗೆ ಇದೇ ಆಸರೆ. ಇಳಿಜಾರಿನದು ಮಸಾರಿ: ಕೆಂಪು ಅಥವಾ ಕಂದು, ಹಗುರ, ಬೇಗ ಹದಕ್ಕೆ ಬರುವ ನೆಲ. ತಗ್ಗಿನದು ಎರೆ: ಕಪ್ಪಗಿನ ಜಿಗುಟಾದ ಆಳದ ನೆಲ. ನದಿಗೆ ಹತ್ತಿರವಾದಂತೆ ಎರೆ ಇನ್ನಷ್ಟು ಆಳವಾಗುತ್ತದೆ, ಅದರ ಮೇಲೆ ನೆರೆ ತಂದ ರೇವೆ ಮಣ್ಣಿನ ಹೊದಿಕೆಯೂ ಕೂಡುತ್ತದೆ. ಮಡ್ಡಿಯಿಂದ ಹೊಳೆಯವರೆಗೆ ಒಂದು ತಾಸು ನಡೆದರೆ ಈ ಸರಣಿಯನ್ನು ಪೂರ್ತಿ ನೋಡಬಹುದು. ಮಣ್ಣು ವಿಜ್ಞಾನದಲ್ಲಿ ಇದಕ್ಕೆ ಕ್ಯಾಟಿನಾ ಎಂದು ಹೆಸರು. ಮೇಲಿನಿಂದ ಕೊಚ್ಚಿದ ಜೇಡಿ ಮತ್ತು ಕರಗಿದ ಲವಣ ಎರಡೂ ಕೆಳಗೆ ಬಂದು ಸೇರುತ್ತವೆ. ತಗ್ಗಿನ ಹೊಲದ ಭಾಗ್ಯವೂ ಕಷ್ಟವೂ ಇದರಿಂದಲೇ.

ಎರೆ ಮಣ್ಣಿನ ಸ್ವಭಾವವನ್ನು ನಿರ್ಧರಿಸುವುದು ಸ್ಮೆಕ್ಟೈಟ್ ಎಂಬ ಜೇಡಿ ಖನಿಜ. ನೀರು ಕುಡಿದಾಗ ಅದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕು ಬಿಡುವುದು ಇದೇ ಕಾರಣಕ್ಕೆ. ಮೊದಲ ಮಳೆ ಬಿರುಕಿನಲ್ಲಿ ಆಳಕ್ಕೆ ಇಳಿಯುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಒಳಗಿಳಿಯುವ ವೇಗ ಬಹಳ ಕಡಿಮೆಯಾಗುತ್ತದೆ. ಹಿಡಿದಿಟ್ಟ ತೇವ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ಹನಿ ಮಳೆ ಇಲ್ಲದೆ ಬರೀ ಆ ತೇವದ ಮೇಲೆ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆ ಬೆಳೆದ ಪರಂಪರೆ ಈ ನೆಲದ್ದು. ತೇವ ಹಿಡಿಯುವ ಗುಣ ಒಣಬೇಸಾಯಕ್ಕೆ ವರ. ನೀರಾವರಿ ಬಂದಾಗ ಅದೇ ಗುಣ ತೊಡಕಾಯಿತು: ಬೇಗ ಕುಡಿಯದ, ಬೇಗ ಬಿಟ್ಟುಕೊಡದ ಮಣ್ಣಿಗೆ ಬಸಿಯುವ ದಾರಿ ಮಾಡದೆ ನೀರು ಹಾಯಿಸಿದರೆ ಅದು ಒಳಗೇ ನಿಲ್ಲುತ್ತದೆ.

ಈ ಮಣ್ಣುಗಳಲ್ಲಿ ಸುಣ್ಣ ಹೆಚ್ಚು, ಸಾವಯವ ಇಂಗಾಲ ಕಡಿಮೆ, ಸಾರಜನಕ ಮತ್ತು ಸತುವಿನ ಕೊರತೆ ಸಾಮಾನ್ಯ. ಇಂಗಾಲ ನೂರಕ್ಕೆ ಅರ್ಧ ಪಾಲಿಗಿಂತ ಕೆಳಗಿಳಿದ ಮಣ್ಣನ್ನು ಪ್ರಯೋಗಶಾಲೆಗಳು ಬಡ ಮಣ್ಣೆಂದು ಗುರುತಿಸುತ್ತವೆ. ಎತ್ತುಗಳು ಕಡಿಮೆಯಾಗಿ ತಿಪ್ಪೆಗಳು ಕುಗ್ಗಿದಾಗ ಹೊಲಕ್ಕೆ ಹೋಗುತ್ತಿದ್ದ ಸಗಣಿ ಗೊಬ್ಬರವೂ ಕುಗ್ಗಿತು. ಕಬ್ಬು ಕಡಿದ ಮೇಲೆ ಉಳಿಯುವ ರವದಿಗೆ ಬೆಂಕಿ ಹಚ್ಚುವ ರೂಢಿ ಇಂಗಾಲದ ನಷ್ಟವನ್ನು ಹೆಚ್ಚಿಸುತ್ತದೆ.

ನೀರು

ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆ ಸಾಂಗಲಿ ದಾಟಿ, ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು, ರಾಜಾಪುರದ ಬಾಂದಾರ ದಾಟಿ ಕರ್ನಾಟಕಕ್ಕೆ ಬರುತ್ತದೆ. ನಿಪ್ಪಾಣಿ ತಾಲ್ಲೂಕಿನಲ್ಲಿ ವೇದಗಂಗೆ ದೂಧಗಂಗೆಯನ್ನು ಸೇರುತ್ತದೆ. ದೂಧಗಂಗೆ ಚಿಕ್ಕೋಡಿ ತಾಲ್ಲೂಕಿನ ಯಡೂರು, ಕಲ್ಲೋಳಗಳ ಬಳಿ ಕೃಷ್ಣೆಗೆ ಬೀಳುತ್ತದೆ. ಅಲ್ಲಿಂದ ಮುಂದೆ ನದಿಯ ಬಲದಂಡೆ ಚಿಕ್ಕೋಡಿ, ರಾಯಬಾಗಗಳದು, ಎಡದಂಡೆ ಕಾಗವಾಡ, ಅಥಣಿಗಳದು. ಸಾಂಗಲಿ ಜಿಲ್ಲೆಯಲ್ಲಿ ಹುಟ್ಟುವ ಅಗ್ರಾಣಿ ಅಥಣಿ ತಾಲ್ಲೂಕಿನಲ್ಲಿ ಕೃಷ್ಣೆಯನ್ನು ಸೇರುತ್ತದೆ.

ನದಿಯ ಕೀಲಿಕೈ ಬಹುಪಾಲು ಮೇಲ್ದಂಡೆಯ ಮಹಾರಾಷ್ಟ್ರದಲ್ಲಿದೆ. ಕೊಯ್ನಾ ಜಲಾಶಯದ ಸಂಗ್ರಹ ಸಾಮರ್ಥ್ಯ 105 ಟಿಎಂಸಿ, ವಾರಣಾ ಜಲಾಶಯದ್ದು 34, ದೂಧಗಂಗೆಯ ಕಾಳಮ್ಮವಾಡಿಯದ್ದು 25ರಷ್ಟು. ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರ ಒಣಗಿದಾಗ ಕರ್ನಾಟಕ ಕೊಯ್ನಾದಿಂದ ನೀರು ಬಿಡುವಂತೆ ಕೇಳಿಕೊಳ್ಳುತ್ತದೆ. 2019ರ ಬೇಸಿಗೆಯಲ್ಲಿ ನದಿ ಬತ್ತಿ ದಂಡೆಯ ಜನ ಬೀದಿಗಿಳಿದಿದ್ದರು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ನದಿ ಊರೂರುಗಳನ್ನು ಮುಳುಗಿಸಿತು. ಬರ ಮತ್ತು ನೆರೆ ಬೇರೆ ಬೇರೆ ಕಾಲದ ಕಥೆಗಳಾಗಿ ಇಲ್ಲಿ ಉಳಿದಿಲ್ಲ. ಒಂದೇ ವರ್ಷದ ಎರಡು ಮಗ್ಗುಲುಗಳಾಗಿವೆ.

ಹೊಲಕ್ಕೆ ನೀರು ಬರುವ ದಾರಿಗಳು ನಾಲ್ಕು. ಮೊದಲನೆಯದು ಕಾಲುವೆ. 1876–78ರ ಭೀಕರ ಬರದ ನಂತರದ ದಶಕಗಳಲ್ಲಿ ಬರ ತಡೆಯುವ ಕಾಮಗಾರಿಗಳ ಅಂಗವಾಗಿ ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಲಾಯಿತು. ಸ್ವಾತಂತ್ರ್ಯದ ನಂತರ ಬಂದ ಹಿಡಕಲ್ ಜಲಾಶಯ 51 ಟಿಎಂಸಿ ಹಿಡಿಯುತ್ತದೆ. ಘಟಪ್ರಭಾ ಯೋಜನೆಯ ಎಡದಂಡೆ ಕಾಲುವೆ ಮತ್ತು ಚಿಕ್ಕೋಡಿ ಶಾಖಾ ಕಾಲುವೆಗಳಿಂದ ಈ ಸೀಮೆಯ ದಕ್ಷಿಣ ಭಾಗಕ್ಕೆ ನೀರು ಹರಿಯುತ್ತದೆ. ಎರಡನೆಯದು ಏತ ನೀರಾವರಿ. ಹಿಪ್ಪರಗಿ ಬ್ಯಾರೇಜಿನ ಹಿನ್ನೀರು ಮತ್ತು ಬಸವೇಶ್ವರ (ಕೆಂಪವಾಡ) ಏತ ನೀರಾವರಿಯಂಥ ಯೋಜನೆಗಳು ಅಥಣಿ, ಕಾಗವಾಡಗಳ ಎತ್ತರದ ನೆಲವನ್ನು ಉದ್ದೇಶಿಸಿದವು. ಮೂರನೆಯದು ರೈತರ ಸ್ವಂತದ ಪೈಪ್‌ಲೈನ್. ಹೊಳೆದಂಡೆಯಲ್ಲಿ ಮೋಟಾರು ಕೂಡಿಸಿ, ಒಬ್ಬರೇ ಅಥವಾ ನಾಲ್ಕಾರು ಮಂದಿ ಕೂಡಿ, ಕಿಲೋಮೀಟರುಗಟ್ಟಲೆ ನೀರೇರಿಸಿಕೊಂಡ ಸಾಹಸ ಅದು. ನಾಲ್ಕನೆಯದು ಬಾವಿ ಮತ್ತು ಕೊಳವೆಬಾವಿ. ಬಸಾಲ್ಟ್ ಶಿಲೆಯಲ್ಲಿ ನೀರು ಸಿಗುವುದು ಬಿರುಕು ಮತ್ತು ಶಿಥಿಲ ಪದರಗಳಲ್ಲಿ ಮಾತ್ರ. ಒಂದು ಹೊಲದಲ್ಲಿ ಸಿಕ್ಕ ಸೆಲೆ ಪಕ್ಕದ ಹೊಲದಲ್ಲಿ ಸಿಗಬೇಕೆಂದಿಲ್ಲ.

ಸವಳು-ಜವಳು

ಲವಣ ಏರಿದ ನೆಲಕ್ಕೆ ಸವಳು ಎನ್ನುತ್ತಾರೆ, ನೀರು ನಿಂತು ಜೌಗಾದ ನೆಲಕ್ಕೆ ಜವಳು. ಎರಡೂ ಒಟ್ಟಿಗೇ ಬರುವುದರಿಂದ ಜನ ಜೋಡಿಪದವಾಗಿಯೇ ಹೇಳುತ್ತಾರೆ. ಇದು ಹೇಗೆ ಆಗುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕ ತೋರಿಸುತ್ತದೆ. ಕಬ್ಬಿಗೆ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ನೀರು ಹಾಯಿಸಿದರೆ ಒಂದು ಹೆಕ್ಟೇರಿಗೆ 2 ಕೋಟಿ ಲೀಟರ್ ಆಯಿತು. ಲೀಟರಿಗೆ ಅರ್ಧ ಗ್ರಾಂ ಲವಣವಿರುವ ನೀರನ್ನು ಕುಡಿಯಲೂಬಹುದು, ನಾಲಿಗೆಗೆ ಉಪ್ಪೆನಿಸುವುದಿಲ್ಲ. ಆದರೂ ಆ 2 ಕೋಟಿ ಲೀಟರಿನ ಜೊತೆಗೆ 10 ಟನ್ ಲವಣ ಹೊಲಕ್ಕೆ ಬಂದಿರುತ್ತದೆ, ಎಂದರೆ ಎಕರೆಗೆ ಸುಮಾರು 4 ಟನ್. ಬೆಳೆ ನೀರನ್ನಷ್ಟೇ ಹೀರಿ ಆವಿಯಾಗಿ ಬಿಡುತ್ತದೆ. ಉಪ್ಪಿನ ಬಹುಭಾಗ ಮಣ್ಣಿನಲ್ಲೇ ಉಳಿಯುತ್ತದೆ.

ಬಸಿಯುವ ದಾರಿ ಇದ್ದರೆ ಮಳೆ ಆ ಉಪ್ಪನ್ನು ತೊಳೆದು ಹಳ್ಳಕ್ಕೆ ಒಯ್ಯುತ್ತದೆ. ದಾರಿ ಇಲ್ಲದಿದ್ದರೆ ಅಂತರ್ಜಲ ವರ್ಷದಿಂದ ವರ್ಷಕ್ಕೆ ಮೇಲೇರುತ್ತದೆ. ಅದು ಮೇಲ್ಮೈಗೆ ಒಂದೂವರೆ ಎರಡು ಮೀಟರಿನಷ್ಟು ಹತ್ತಿರ ಬಂದರೆ, ದೀಪದ ಬತ್ತಿ ಎಣ್ಣೆಯನ್ನು ಸೆಳೆದಂತೆ ಮಣ್ಣಿನ ಸೂಕ್ಷ್ಮ ರಂಧ್ರಗಳು ನೀರನ್ನು ಮೇಲಕ್ಕೆ ಸೆಳೆಯುತ್ತವೆ. ನೀರು ಬಿಸಿಲಿಗೆ ಹಾರುತ್ತದೆ, ಉಪ್ಪು ಮೇಲುಳಿಯುತ್ತದೆ. ಮಣ್ಣಿನ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಅದು ಸವಳು ಭೂಮಿ. ವಿನಿಮಯಗೊಳ್ಳುವ ಸೋಡಿಯಂ ನೂರಕ್ಕೆ 15 ಮೀರಿದರೆ ಕ್ಷಾರ ಭೂಮಿ. ಎರಡನೆಯದು ಹೆಚ್ಚು ಕಷ್ಟದ್ದು, ಏಕೆಂದರೆ ಸೋಡಿಯಂ ಮಣ್ಣಿನ ಹರಳುಗಳನ್ನು ಒಡೆದು ಗಾಳಿ ನೀರುಗಳ ದಾರಿಯನ್ನೇ ಮುಚ್ಚುತ್ತದೆ.

ನಷ್ಟ ಒಂದೇ ದಿನ ಕಣ್ಣಿಗೆ ಬೀಳುವುದಿಲ್ಲ. ಮೊದಲು ಹೊಲದ ಒಂದು ಮೂಲೆಯಲ್ಲಿ ಮೊಳಕೆ ತೆಳುವಾಗುತ್ತದೆ. ಮುಂದೆ ಕುಳೆ ಕಬ್ಬು ಸೊರಗುತ್ತದೆ, ರಸದಲ್ಲಿ ಲವಣಾಂಶ ಏರಿ ಬೆಲ್ಲ ಗಟ್ಟಿಯಾಗದೆ ಉಪ್ಪುಪ್ಪಾಗುತ್ತದೆ. ಕೊನೆಗೆ ಜೋಳವೂ ಬಾರದ ನೆಲ ಜಾಲಿ ಮತ್ತು ಜೊಂಡಿನ ಪಾಲಾಗುತ್ತದೆ. ಮೆಸೊಪೊಟೇಮಿಯದ ನದಿಬಯಲುಗಳು ಸಾವಿರಾರು ವರ್ಷಗಳ ಹಿಂದೆ ಕಂಡದ್ದೂ ಇದನ್ನೇ: ಅಲ್ಲಿನ ರೈತರು ಗೋಧಿಯನ್ನು ಬಿಟ್ಟು ಉಪ್ಪನ್ನು ಹೆಚ್ಚು ತಾಳುವ ಬಾರ್ಲಿಗೆ ಹೊರಳಬೇಕಾಯಿತು. ಕೃಷ್ಣೆಯ ದಂಡೆಯಲ್ಲಿ ಇದು ನಮ್ಮ ಅಜ್ಜ ಮೊಮ್ಮಕ್ಕಳ ಅವಧಿಯಲ್ಲೇ ಆಗುತ್ತಿದೆ.

ಪರಿಹಾರವೂ ಇದೇ ನೆಲದಲ್ಲಿ ಪರೀಕ್ಷೆಗೊಳಗಾಗಿದೆ. ಕಾಗವಾಡ ತಾಲ್ಲೂಕಿನ ಉಗಾರ ಬುದ್ರುಕದಲ್ಲಿ ಸವಳು ಹಿಡಿದ ಕಬ್ಬಿನ ಹೊಲಗಳಿಗೆ ನೆಲದಡಿಯ ಬಸಿಗೊಳವೆಗಳನ್ನು ಅಳವಡಿಸಲಾಯಿತು. ತೂತುಗಳಿರುವ ಸುರುಳಿಮೈಯ ಪಿವಿಸಿ ಕೊಳವೆಗೆ ಜರಡಿಬಟ್ಟೆ ಸುತ್ತಿ, ಒಂದು ಮೀಟರಿಗೂ ಹೆಚ್ಚು ಆಳದಲ್ಲಿ, ಹಲವು ಮೀಟರ್ ಅಂತರಕ್ಕೊಂದರಂತೆ ಹೂಳುತ್ತಾರೆ. ಮಣ್ಣಿನ ಹೆಚ್ಚಿನ ನೀರು ಕೊಳವೆಯೊಳಗೆ ಬಸಿದು, ದೊಡ್ಡ ಕೊಳವೆಯ ಮೂಲಕ ಹಳ್ಳಕ್ಕೆ ಬೀಳುತ್ತದೆ. ಅದರ ಜೊತೆಗೆ ಉಪ್ಪೂ ಹೊರಡುತ್ತದೆ. ಭಾರತದಲ್ಲಿ ಈ ವಿದ್ಯೆಯನ್ನು ಬೆಳೆಸಿದ್ದು ಮುಖ್ಯವಾಗಿ 1969ರಲ್ಲಿ ಸ್ಥಾಪನೆಯಾದ ಕರ್ನಾಲಿನ ಕೇಂದ್ರೀಯ ಲವಣಯುಕ್ತ ಮಣ್ಣು ಸಂಶೋಧನಾ ಸಂಸ್ಥೆ. ಇಲ್ಲಿ ಒಂದು ಮಾತು ಮುಖ್ಯ. ಒಬ್ಬ ರೈತ ತನ್ನ ಎರಡು ಎಕರೆಗೆ ಮಾತ್ರ ಬಸಿಗೊಳವೆ ಹಾಕಿದರೆ ಸುತ್ತಲಿನ ನೀರೆಲ್ಲ ಅವನ ಹೊಲಕ್ಕೇ ನುಗ್ಗುತ್ತದೆ. ಹರಿದ ನೀರು ಪಕ್ಕದವನ ಬದು ದಾಟದೆ ಹಳ್ಳ ಸೇರುವುದಿಲ್ಲ. ಬಸಿಯುವ ಕೆಲಸ ಊರು ಒಟ್ಟಾಗದೆ ಆಗದು.

ಜನಸಂಖ್ಯೆ ಮತ್ತು ಹಿಡುವಳಿ

2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47,79,661. 2001ರಲ್ಲಿ ಅದು 42,14,505 ಇತ್ತು. ಹತ್ತು ವರ್ಷಗಳಲ್ಲಿ ನೂರಕ್ಕೆ 13ಕ್ಕೂ ಹೆಚ್ಚು ಏರಿಕೆ. ಈ ಐದು ತಾಲ್ಲೂಕುಗಳಲ್ಲಿ ನದಿದಂಡೆ ದಟ್ಟ, ಒಣ ದಿಬ್ಬಗಳು ವಿರಳ. ನೀರು ಇದ್ದಲ್ಲಿ ಜನ.

ಜನಸಂಖ್ಯೆ ಮತ್ತು ಸಂಪನ್ಮೂಲದ ಬಗ್ಗೆ ಎರಡು ಪ್ರಸಿದ್ಧ ವಾದಗಳಿವೆ. ಆಹಾರಕ್ಕಿಂತ ಜನ ಬೇಗ ಬೆಳೆದು ಕಷ್ಟ ತಪ್ಪದು ಎಂದು 1798ರಲ್ಲಿ ಮಾಲ್ಥಸ್ ಹೇಳಿದರು. ಜನ ಹೆಚ್ಚಿದಾಗ ಹೊಸ ಉಪಾಯಗಳು ಹುಟ್ಟಿ ಅದೇ ನೆಲದಿಂದ ಹೆಚ್ಚು ಬೆಳೆ ಬರುತ್ತದೆ ಎಂದು 1965ರಲ್ಲಿ ಎಸ್ತರ್ ಬೋಸೆರಪ್ ವಾದಿಸಿದರು. ಚಿಕ್ಕೋಡಿ ಸೀಮೆಯ ಚರಿತ್ರೆ ಬೋಸೆರಪ್ ಕಡೆಗೆ ವಾಲುತ್ತದೆ. ಜೋಳದ ಹೊಲ ಕಬ್ಬಿನ ತೋಟವಾಯಿತು, ಅಥಣಿಯ ಒಣನೆಲದಲ್ಲಿ ಹನಿ ನೀರಾವರಿಯ ದ್ರಾಕ್ಷಿ ಬಂತು, ಒಣದ್ರಾಕ್ಷಿಯ ಶೆಡ್‌ಗಳು ಎದ್ದವು, ರಾಯಬಾಗದ ಕಡೆ ಅರಿಸಿನ ಹಬ್ಬಿತು. ಆದರೆ ಉಪಾಯದ ಬೆಲೆಯನ್ನು ಮಣ್ಣು ತೆತ್ತರೆ ಮಾಲ್ಥಸ್ ಬೇರೆ ಬಾಗಿಲಿನಿಂದ ಒಳಗೆ ಬರುತ್ತಾರೆ. ಸವಳು ಭೂಮಿ ಆ ಬಾಗಿಲು.

ಇನ್ನೊಂದು ಒತ್ತಡ ಹಿಡುವಳಿಯ ವಿಭಜನೆ. ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1970–71ರಲ್ಲಿ 3.20 ಹೆಕ್ಟೇರ್ ಇತ್ತು. 2015–16ಕ್ಕೆ 1.36ಕ್ಕೆ ಇಳಿಯಿತು. ಅಣ್ಣತಮ್ಮಂದಿರ ಪಾಲು ಆದಂತೆ ಎಕರೆಗಳು ಗುಂಟೆಗಳಾಗುತ್ತವೆ. ಸಣ್ಣ ಹಿಡುವಳಿಯ ರೈತ ಒಂದು ವರ್ಷ ಹೊಲವನ್ನು ಬಿಟ್ಟು ಹಸಿರೆಲೆ ಗೊಬ್ಬರ ಬೆಳೆಯಲಾರ. ಆ ವರ್ಷದ ಅನ್ನವೇ ಆ ಹೊಲ. ಮಣ್ಣಿನ ಸವಕಳಿಗೆ ರೈತನ ಅರಿವುಗೇಡಿತನವೇ ಕಾರಣವೆಂದು ಹೇಳುವವರು ಈ ಲೆಕ್ಕವನ್ನು ನೋಡಬೇಕು.

ಋತುಮಾನದ ವಲಸೆಯೂ ಜನಸಂಖ್ಯೆಯ ಭಾಗವೇ. ಕಾರ್ಖಾನೆಗಳ ಹಂಗಾಮು ಶುರುವಾದಾಗ ಮಹಾರಾಷ್ಟ್ರದ ಮರಾಠವಾಡದಿಂದ, ವಿಜಯಪುರದ ಕಡೆಯಿಂದ, ಅಥಣಿಯ ಒಣ ಹಳ್ಳಿಗಳಿಂದಲೂ ಕಬ್ಬು ಕಡಿಯುವ ತಂಡಗಳು ಬರುತ್ತವೆ. ಮುಂಗಡ ಪಡೆದು, ಟನ್ನಿನ ಲೆಕ್ಕಕ್ಕೆ ದುಡಿದು, ನಾಲ್ಕೈದು ತಿಂಗಳು ಹೊಲದ ಬದಿಯ ಗುಡಿಸಲಲ್ಲಿ ಇರುತ್ತವೆ. ಅವರ ಮಕ್ಕಳ ಶಾಲೆ, ಹೆಂಗಸರ ಆರೋಗ್ಯ, ಕುಡಿಯುವ ನೀರು ಯಾವ ಊರಿನ ಲೆಕ್ಕಕ್ಕೆ ಸೇರಬೇಕೆಂಬುದು ಇನ್ನೂ ತೀರ್ಮಾನವಾಗಬೇಕಾದ ಪ್ರಶ್ನೆ.

ಪರಿಸರದ ಅರ್ಥಶಾಸ್ತ್ರ

ಒಬ್ಬರ ವ್ಯವಹಾರದ ನಷ್ಟ ಅದರಲ್ಲಿ ಪಾಲಿಲ್ಲದ ಇನ್ನೊಬ್ಬರ ಮೇಲೆ ಬಿದ್ದರೆ ಅರ್ಥಶಾಸ್ತ್ರ ಅದನ್ನು ಬಾಹ್ಯ ವೆಚ್ಚ ಎನ್ನುತ್ತದೆ. ಇಂಥ ವೆಚ್ಚವನ್ನು ಬೆಲೆಯೊಳಗೆ ತರಬೇಕೆಂದು ಎ. ಸಿ. ಪಿಗು 1920ರಲ್ಲಿ ವಾದಿಸಿದರು. ಸಾಮಾನ್ಯ ಸ್ವತ್ತನ್ನು ಸರಕಾರವಾಗಲಿ ಖಾಸಗಿ ಒಡೆತನವಾಗಲಿ ಇಲ್ಲದೆಯೂ ಬಳಕೆದಾರರು ತಾವೇ ಕಟ್ಟಳೆ ಮಾಡಿಕೊಂಡು ಉಳಿಸಬಲ್ಲರು ಎಂದು ಎಲಿನಾರ್ ಓಸ್ಟ್ರಮ್ 1990ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಆ ಕೆಲಸಕ್ಕೆ 2009ರಲ್ಲಿ ನೊಬೆಲ್ ಬಂತು. ಈ ಎರಡು ವಿಚಾರಗಳನ್ನು ಹಿಡಿದು ಇಲ್ಲಿನ ಬೆಳೆ, ಕಸುಬು, ನದಿಗಳನ್ನು ನೋಡಬಹುದು.

ಕಬ್ಬು: ರಾಜ್ಯದಲ್ಲಿ ಅತಿ ಹೆಚ್ಚು ಕಬ್ಬು ಬೆಳೆಯುವ ಜಿಲ್ಲೆ ಬೆಳಗಾವಿ. 1939ರಲ್ಲಿ ಉಗಾರ ಖುರ್ದದಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾಯಿತು. ಮುಂದೆ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಮೊದಲಾದ ಸಹಕಾರಿ ಕಾರ್ಖಾನೆಗಳೂ ಹಲವು ಖಾಸಗಿ ಕಾರ್ಖಾನೆಗಳೂ ಬಂದವು. ಕಬ್ಬಿಗೆ ರೈತ ಒಲಿದಿರುವುದಕ್ಕೆ ಗಟ್ಟಿ ಕಾರಣಗಳಿವೆ. ಕೇಂದ್ರ ಸರಕಾರ ನ್ಯಾಯೋಚಿತ ಮತ್ತು ಲಾಭದಾಯಕ ಬೆಲೆ ನಿಗದಿ ಮಾಡುತ್ತದೆ. 2025–26ರ ಹಂಗಾಮಿಗೆ ನೂರಕ್ಕೆ 10.25 ಸಕ್ಕರೆ ಇಳುವರಿಯ ಮೇಲೆ ಕ್ವಿಂಟಲಿಗೆ 355 ರೂಪಾಯಿ. ಮಳೆ ಹೆಚ್ಚಾದರೂ ಕಡಿಮೆಯಾದರೂ ಕಬ್ಬು ತಾಳುತ್ತದೆ, ನೆರೆ ಬಂದು ಹೋದ ಹೊಲದಲ್ಲೂ ಅಷ್ಟಿಷ್ಟು ಉಳಿಯುತ್ತದೆ. ಈರುಳ್ಳಿ, ಟೊಮೆಟೊಗಳಂತೆ ಒಂದೇ ರಾತ್ರಿಯಲ್ಲಿ ಬೆಲೆ ಕುಸಿಯುವುದಿಲ್ಲ. ಎಥೆನಾಲ್ ಮತ್ತು ಕಬ್ಬಿನ ಸಿಪ್ಪೆಯ ವಿದ್ಯುತ್ ಈ ಸೆಳೆತವನ್ನು ಇನ್ನೂ ಹೆಚ್ಚಿಸಿವೆ. ಇಷ್ಟಾದರೂ ಕೃಷಿಯ ಖರ್ಚು ಮತ್ತು ಸಿಗುವ ಬೆಲೆಯ ನಡುವಿನ ಅಂತರ ಉಳಿದೇ ಇದೆ. 2025ರ ನವೆಂಬರಿನಲ್ಲಿ ಇದೇ ಜಿಲ್ಲೆಯ ಗುರ್ಲಾಪುರವನ್ನು ಕೇಂದ್ರವಾಗಿಸಿಕೊಂಡು, ಕಡಿಯುವ ಮತ್ತು ಸಾಗಿಸುವ ಖರ್ಚು ಕಳೆದು ಟನ್ನಿಗೆ 3,500 ರೂಪಾಯಿಗೆ ಒತ್ತಾಯಿಸಿ ನಡೆದ ಹೋರಾಟ ಆ ಅಂತರದ ಮಾತನ್ನೇ ಆಡಿತು.

ಬೆಲೆಯ ಈ ಲೆಕ್ಕದಲ್ಲಿ ಸೇರದೆ ಹೊರಗುಳಿದದ್ದು ನೀರು. ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಹೀಗಾಗಿ ಇನ್ನೊಂದು ತಾಸು ಮೋಟಾರು ಓಡಿಸಿದರೆ ರೈತನ ಜೇಬಿಗೆ ಖರ್ಚಿಲ್ಲ. ವಿದ್ಯುತ್ ಯಾವಾಗ ಬರುತ್ತದೋ ಗೊತ್ತಿಲ್ಲದ್ದರಿಂದ ಬಂದಾಗಲೆಲ್ಲ ಹಾಯಿಸುವುದು ಅವನ ಪಾಲಿಗೆ ಸರಿಯಾದ ನಿರ್ಧಾರವೇ. ಒಬ್ಬೊಬ್ಬರ ಸರಿಯಾದ ನಿರ್ಧಾರಗಳು ಕೂಡಿ ಊರಿನ ನೆಲ ಹಾಳಾಗುವುದು ಸಾಮಾನ್ಯ ಸ್ವತ್ತಿನ ಸಂಕಟದ ಹಳೆಯ ಲಕ್ಷಣ. ಮೇಲಿನ ಲೆಕ್ಕದಂತೆ ಹಾಯಿಸಿದರೆ ಒಂದು ಟಿಎಂಸಿ ನೀರು, ಅಂದರೆ ಸುಮಾರು 2.83 ಕೋಟಿ ಘನ ಮೀಟರ್, ಸುಮಾರು 1,400 ಹೆಕ್ಟೇರ್ ಕಬ್ಬಿಗಷ್ಟೇ ಸಾಕಾಗುತ್ತದೆ. ಅದೇ ನೀರನ್ನು ಹನಿಹನಿಯಾಗಿ ಕೊಟ್ಟರೆ ಮೂರನೇ ಒಂದರಷ್ಟು ಅಥವಾ ಅದಕ್ಕೂ ಹೆಚ್ಚು ಉಳಿತಾಯವಿದೆ. ದಂಡೆಯ ಹೊಲಕ್ಕೆ ಸವಳಿನ ಭಯವೂ ಕಡಿಮೆಯಾಗುತ್ತದೆ, ಅಥಣಿಯ ಮೂಡಣ ಹಳ್ಳಿಗೆ ನೀರೂ ಉಳಿಯುತ್ತದೆ.

ತಂಬಾಕು: ನಿಪ್ಪಾಣಿಯ ಹೆಸರು ಬೀಡಿ ತಂಬಾಕಿನ ಜೊತೆ ಬೆಸೆದುಕೊಂಡಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ಇಲ್ಲಿದೆ. ಮೈಸೂರು ಭಾಗದ ವರ್ಜೀನಿಯಾ ತಂಬಾಕನ್ನು ಹದ ಮಾಡಲು ಬ್ಯಾರನ್‌ಗಳಲ್ಲಿ ಸೌದೆ ಉರಿಸಬೇಕು. ಬೀಡಿ ತಂಬಾಕು ಬಿಸಿಲಿಗೇ ಒಣಗುತ್ತದೆ, ಅದಕ್ಕಾಗಿ ಕಾಡು ಕಡಿಯಬೇಕಿಲ್ಲ. ಆದರೆ ಎಲೆಯೊಡನೆ ಮಣ್ಣಿನ ಪೊಟ್ಯಾಷ್ ಹೇರಳವಾಗಿ ಹೊರಹೋಗುತ್ತದೆ. ಎಲೆಯಲ್ಲಿ ಕ್ಲೋರೈಡ್ ಹೆಚ್ಚಿದರೆ ಅದು ಸರಿಯಾಗಿ ಉರಿಯುವುದಿಲ್ಲ, ಹಾಗಾಗಿ ಸವಳು ನೆಲ ತಂಬಾಕಿಗೆ ಒಗ್ಗದು.

ತಂಬಾಕಿನ ಲಾಭ ಯಾರಿಗೆ ಎಂಬ ಪ್ರಶ್ನೆ ಇಲ್ಲಿ ರಕ್ತ ಕಂಡಿದೆ. ವ್ಯಾಪಾರಿಗಳು ಕೊಡುವ ಬೆಲೆಗೆ ರೋಸಿದ ರೈತರು 1981ರಲ್ಲಿ ಶರದ್ ಜೋಶಿಯವರ ನಾಯಕತ್ವದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕುಳಿತರು. ಆ ಏಪ್ರಿಲಿನಲ್ಲಿ ನಡೆದ ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಅದೇ ಕಾಲಕ್ಕೆ ವಖಾರಿಗಳ ಘಾಟಿನ ಧೂಳಿನಲ್ಲಿ ಎಲೆ ಕುಟ್ಟಿ ಸೋಸುತ್ತಿದ್ದ ಹೆಣ್ಣುಮಕ್ಕಳು ಸಂಘ ಕಟ್ಟಿ ಕೂಲಿಗಾಗಿ ಹೋರಾಡಿದರು. ಯುಗಾಂತರ್ ಎಂಬ ಚಲನಚಿತ್ರ ಬಳಗ 1982ರಲ್ಲಿ ಅವರ ಹೋರಾಟದ ಬಗ್ಗೆ ಸಾಕ್ಷ್ಯಚಿತ್ರ ತಯಾರಿಸಿತು. ಎಲೆಯ ಬೆಲೆಯಲ್ಲಿ ಆ ಹೆಂಗಸರ ಉಸಿರಾಟದ ಬೆಲೆ ಎಂದೂ ಸೇರಿರಲಿಲ್ಲ. ಬಾಹ್ಯ ವೆಚ್ಚ ಎಂಬ ಒಣ ಪದದೊಳಗೆ ಇಂಥ ಜೀವಗಳಿವೆ.

ಚರ್ಮ: ಅಥಣಿ, ಮದಭಾವಿ, ನಿಪ್ಪಾಣಿಗಳ ಕುಶಲಿಗಳು ತಯಾರಿಸುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮಹಾರಾಷ್ಟ್ರದ ನಾಲ್ಕು ಮತ್ತು ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಅದರ ವ್ಯಾಪ್ತಿಗೆ ಸೇರಿವೆ. ಚರ್ಮವನ್ನು ಜಾಲಿ ತೊಗಟೆ ಮತ್ತು ಅಳಲೆಕಾಯಿಗಳಿಂದ ಹದ ಮಾಡುವುದು ಇಲ್ಲಿನ ಪರಂಪರೆ. ಕ್ರೋಮಿಯಂ ಹದಕ್ಕೆ ಹೋಲಿಸಿದರೆ ದಿನ ಹೆಚ್ಚು ಬೇಕು, ಹೊರಬೀಳುವ ನೀರಿನಲ್ಲಿ ವಿಷಲೋಹ ಇರುವುದಿಲ್ಲ. ನದಿಯನ್ನು ಉಳಿಸುವ ಈ ಕೆಲಸದ ಬೆಲೆ ಚಪ್ಪಲಿಯ ಬೆಲೆಯಲ್ಲಿ ಕುಶಲಿಗೆ ಸಿಗುವಂತಾದರೆ ಪಿಗು ಹೇಳಿದ ಮಾತು ಅಥಣಿಯ ಓಣಿಯಲ್ಲಿ ನಿಜವಾಗುತ್ತದೆ.

ಗಡಿ ದಾಟುವ ವೆಚ್ಚ: ಕೊಲ್ಹಾಪುರ, ಇಚಲಕರಂಜಿಗಳ ಕೊಳಚೆ ಮತ್ತು ಕೈಗಾರಿಕೆಯ ನೀರು ಪಂಚಗಂಗೆಯ ಮೂಲಕ ಕೃಷ್ಣೆಗೆ ಬಂದು ಕೆಳಗಿನ ಊರುಗಳ ಕುಡಿಯುವ ನೀರನ್ನು ಕೆಡಿಸುತ್ತದೆ. 2005, 2019, 2021ರ ನೆರೆಗಳಲ್ಲಿ ಮೇಲಿನ ಜಲಾಶಯಗಳಿಂದ ಬಿಟ್ಟ ನೀರು ಮತ್ತು ಘಟ್ಟದ ಮಳೆ ಕೂಡಿ ಇಂಗಳಿ, ಮಾಂಜರಿ, ಜುಗುಳ, ಕುಡಚಿ, ಸಪ್ತಸಾಗರ ಮುಂತಾದ ದಂಡೆಯ ಊರುಗಳನ್ನು ಮುಳುಗಿಸಿದವು. ಕಲ್ಲೋಳ–ಯಡೂರು, ಸದಲಗಾ–ಬೋರಗಾಂವ, ಕಾರದಗಾ–ಭೋಜ ಮೊದಲಾದ ತಗ್ಗಿನ ಸೇತುವೆಗಳು ಮಳೆಗಾಲ ಜೋರಾದಾಗಲೆಲ್ಲ ನೀರಿನಡಿ ಹೋಗುತ್ತವೆ. ಅತ್ತ ಸಾಂಗಲಿಯ ಜನ ತಮ್ಮೂರಿನ ನೆರೆಗೆ ಕರ್ನಾಟಕದ ಆಲಮಟ್ಟಿ ಜಲಾಶಯದ ಹಿನ್ನೀರನ್ನು ದೂರುತ್ತಾರೆ. 1976ರಲ್ಲಿ ಅಂತಿಮಗೊಂಡ ಬಚಾವತ್ ನ್ಯಾಯಾಧಿಕರಣದ ತೀರ್ಪು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಟಿಎಂಸಿ ಹಂಚಿತು. ಅದು ಬಳಕೆಯ ನೀರಿನ ಹಂಚಿಕೆ. ನೆರೆಯ ನೀರನ್ನೂ ಕೊಳಚೆಯ ಹೊಣೆಯನ್ನೂ ಹಂಚಿಕೊಳ್ಳುವ ಅಷ್ಟೇ ಗಟ್ಟಿಯಾದ ಏರ್ಪಾಡು ಎರಡು ರಾಜ್ಯಗಳ ನಡುವೆ ಬೇಕು.

ನಿರ್ವಹಣೆಯ ದಾರಿಗಳು

ನಿರ್ವಹಣೆ ಮಡ್ಡಿಯಿಂದ ಶುರುವಾಗಬೇಕು. 1942ರ ಮುಂಬಯಿ ಭೂ ಸುಧಾರಣಾ ಯೋಜನೆಗಳ ಕಾಯಿದೆಯಡಿ ಈ ಭಾಗದಲ್ಲಿ ಸಮಪಾತಳಿ ಬದುಗಳ ಕೆಲಸಕ್ಕೆ ಬಲ ಬಂತು. ಬದು, ಕೃಷಿಹೊಂಡ, ಕೆರೆಗಳು ಮೇಲಿನ ಮಳೆಯನ್ನು ಮೇಲೆಯೇ ಇಂಗಿಸಿದರೆ ಕೆಳಗಿನ ಕೊರಕಲೂ ತಗ್ಗುತ್ತದೆ, ಬೇಸಿಗೆಯ ಬಾವಿಗೂ ನೀರು ಸಿಗುತ್ತದೆ.

ಎರೆ ಹೊಲದಲ್ಲಿ ಮಾಡಬೇಕಾದುದು ಬೇರೆ. ರವದಿಯನ್ನು ಸುಡದೆ ಸಾಲಿಗೆ ಹೊದಿಸುವುದು, ಸೆಣಬು ಡಯಂಚಾಗಳನ್ನು ಬೆಳೆದು ಮಣ್ಣಿಗೆ ಸೇರಿಸುವುದು, ಕಾರ್ಖಾನೆಯ ಪ್ರೆಸ್‌ಮಡ್ಡನ್ನು ಗೊಬ್ಬರವಾಗಿಸಿ ಹೊಲಕ್ಕೆ ಮರಳಿಸುವುದು, ಕ್ಷಾರ ನೆಲಕ್ಕೆ ಜಿಪ್ಸಂ ಹಾಕುವುದು ಮತ್ತು ಇವೆಲ್ಲಕ್ಕೂ ಮುಂಚೆ ಬಸಿಗಾಲುವೆ ತೋಡುವುದು. ಬಸಿಯುವ ದಾರಿ ಇಲ್ಲದ ಹೊಲಕ್ಕೆ ಹಾಕಿದ ಜಿಪ್ಸಂ ವ್ಯರ್ಥ, ಏಕೆಂದರೆ ಬಿಡುಗಡೆಯಾದ ಸೋಡಿಯಂ ಹೊರಹೋಗಲು ದಾರಿಯಿಲ್ಲ. ಸಂಕೇಶ್ವರದ ಕಬ್ಬು ಸಂಶೋಧನಾ ಕೇಂದ್ರದ ತಳಿಗಳೂ, ಸವಳನ್ನು ಸ್ವಲ್ಪ ತಾಳುವ, 265 ಎಂದು ಕರೆಯುವ ಕಬ್ಬಿನ ತಳಿಯೂ ನೆರವಾಗುತ್ತವೆ. ಆದರೆ ತಾಳುವ ತಳಿ ನೋವು ತಡೆಯುವ ಮಾತ್ರೆಯಂತೆ. ರೋಗ ಒಳಗೇ ಇರುತ್ತದೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಅಂಕಿಗಳನ್ನು ಓದಿ ಗೊಬ್ಬರ ಹಾಕುವ ರೂಢಿ ಇನ್ನೂ ಬೆಳೆಯಬೇಕು.

ಸಂಸ್ಥೆಗಳ ಮಟ್ಟದಲ್ಲಿ ದೊಡ್ಡ ಆಸ್ತಿ ಸಹಕಾರದ ಅನುಭವ. ಸಕ್ಕರೆ ಕಾರ್ಖಾನೆ, ಪತ್ತಿನ ಸಂಘ, ಹಾಲಿನ ಡೇರಿ, ಕೂಡುಬಂಡವಾಳದ ಪೈಪ್‌ಲೈನ್ ಇವನ್ನೆಲ್ಲ ಕಟ್ಟಿ ನಡೆಸಿದ ಜನ ಇವರು. ಓಸ್ಟ್ರಮ್ ಹೇಳಿದ ಕಟ್ಟಳೆಗಳು, ಎಂದರೆ ಯಾರು ಸದಸ್ಯರು, ಯಾರ ಪಾಳಿ ಯಾವಾಗ, ತಪ್ಪಿದರೆ ದಂಡ ಎಷ್ಟು, ತಗಾದೆ ಬಗೆಹರಿಸುವವರು ಯಾರು ಎಂಬುದು ಇವರಿಗೆ ಹೊಸತಲ್ಲ. ಅದೇ ಪದ್ಧತಿಯನ್ನು ಬಸಿಗಾಲುವೆಗೂ ವಿಸ್ತರಿಸಬೇಕು. ಹಂಗಾಮಿನ ಬಿಲ್ಲಿನಲ್ಲಿ ಟನ್ನಿಗೆ ಇಷ್ಟೆಂದು ಮಣ್ಣಿನ ಸುಧಾರಣೆಗೆ ತೆಗೆದಿಟ್ಟು, ಕಾರ್ಖಾನೆ ಮತ್ತು ಸರಕಾರ ತಮ್ಮ ಪಾಲು ಕೂಡಿಸಿದರೆ ಪ್ರತಿ ಊರಿನ ಸವಳು ನೆಲಕ್ಕೂ ಕೊಳವೆ ಮುಟ್ಟುತ್ತದೆ. ಹೊಸ ಏತ ನೀರಾವರಿ ಯೋಜನೆ ಬರೆಯುವಾಗಲೇ ಬಸಿಯುವ ವ್ಯವಸ್ಥೆಯ ಖರ್ಚನ್ನೂ ಅಂದಾಜುಪಟ್ಟಿಗೆ ಸೇರಿಸಬೇಕು. ಅಥಣಿ, ಕಾಗವಾಡಗಳ ಒಣ ಎರೆ ನೆಲಕ್ಕೆ ನೀರು ಏರುತ್ತಿರುವ ಈ ಹೊತ್ತಿನಲ್ಲಿ ಇದು ಅತ್ಯಂತ ತುರ್ತಿನ ಕೆಲಸ. ಕೆಟ್ಟ ಮೇಲೆ ಸರಿಪಡಿಸುವ ಖರ್ಚಿಗಿಂತ ಕೆಡದಂತೆ ಕಾಯುವ ಖರ್ಚು ಎಂದೂ ಕಡಿಮೆ.

ನೆರೆಗೆ ತುತ್ತಾಗುವ ಊರುಗಳಿಗೆ ಎತ್ತರದ ಶಾಶ್ವತ ನೆಲೆ, ಎತ್ತರಿಸಿದ ಸೇತುವೆ, ಮೇಲಿನ ಜಲಾಶಯಗಳ ನೀರು ಬಿಡುಗಡೆಯ ಸುದ್ದಿ ತಕ್ಷಣ ಕೆಳಗಿನವರಿಗೆ ಮುಟ್ಟುವ ವ್ಯವಸ್ಥೆ ಬೇಕು. ಕಬ್ಬು ಕಡಿಯುವ ತಂಡಗಳ ಮಕ್ಕಳಿಗೆ ಹಂಗಾಮಿನ ಶಾಲೆ ಬೇಕು. ಇವೂ ಸಂಪನ್ಮೂಲ ನಿರ್ವಹಣೆಯೇ. ಜನರನ್ನು ಬಿಟ್ಟು ನೆಲವನ್ನಷ್ಟೇ ಉಳಿಸುವ ವಿದ್ಯೆ ಎಲ್ಲೂ ಇಲ್ಲ.

ಒಟ್ಟು ನೋಟ

ಕಪ್ಪು ನೆಲ ಹುಟ್ಟಲು ಯುಗಗಳು ಬೇಕಾದವು. ಅದನ್ನು ಸವಳಾಗಿಸಲು ಎರಡು ಮೂರು ದಶಕಗಳ ಲೆಕ್ಕವಿಲ್ಲದ ನೀರು ಸಾಕು. ಚಿಕ್ಕೋಡಿ ಸೀಮೆಯ ರೈತ ನೀರಿಗಾಗಿ ಪಟ್ಟ ಪಾಡು ದೊಡ್ಡದು, ಅದರಿಂದ ಬಂದ ಬಾಳೂ ದೊಡ್ಡದು. ಆ ಬಾಳು ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕಾದರೆ ಹೊಲಕ್ಕೆ ಬಂದ ನೀರಿಗೆ ಹೊರಡುವ ದಾರಿಯನ್ನೂ, ಬೆಳೆಯ ಬೆಲೆಯಲ್ಲಿ ಮಣ್ಣಿನ ಪಾಲನ್ನೂ ಇಡಬೇಕು. ಉಗಾರ ಬುದ್ರುಕದ ಕೊಳವೆಯಿಂದ ಹಳ್ಳಕ್ಕೆ ಬೀಳುವ ಉಪ್ಪುನೀರು ಆ ಕೆಲಸ ಸಾಧ್ಯವೆಂದು ತೋರಿಸಿಕೊಟ್ಟಿದೆ.